ಒಂದೇ ಬಸ್ಸಿನಲ್ಲಿ ಹಲವು ಕಾನೂನು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1998ರ ಜೂನ್ 18ರ ರಾತ್ರಿ ಒಂದು ಕೊಲೆ, ಮರುದಿನ ಬೆಳಿಗ್ಗೆ ಇನ್ನೊಂದು ಕೊಲೆ ನಡೆಯಿತೆಂದು ಊಹಿಸಿಕೊಳ್ಳೋಣ. ಎರಡೂ ಒಂದೇ ಬಗೆಯವು. ಇಬ್ಬರು ಅಪರಾಧಿಗಳಿಗೂ ನ್ಯಾಯಾಲಯ 40 ವರ್ಷಗಳ ಸೆರೆವಾಸ ವಿಧಿಸಿತೆಂದೂ ಇಟ್ಟುಕೊಳ್ಳೋಣ. ಜೂನ್ 19ರ ಅಪರಾಧಿ ಪೂರ್ತಿ 40 ವರ್ಷ ಜೈಲಿನಲ್ಲಿರಬೇಕು. ಜೂನ್ 18ರವನು ಸನ್ನಡತೆಯಿಂದಿದ್ದರೆ 20 ವರ್ಷಕ್ಕೆ ಹೊರಗೆ ಬರುತ್ತಾನೆ. ಕೆಲವೇ ಗಂಟೆಗಳ ಅಂತರಕ್ಕೆ 20 ವರ್ಷಗಳ ವ್ಯತ್ಯಾಸ.

ಇದಕ್ಕೆ ಕಾರಣ ಅಪರಾಧದ ಕ್ರೌರ್ಯವೂ ಅಲ್ಲ, ನ್ಯಾಯಾಧೀಶರ ಕರುಣೆಯೂ ಅಲ್ಲ. ಶಿಕ್ಷೆಯನ್ನು ಬಿಗಿಗೊಳಿಸುವ ಕಾನೂನನ್ನು ಆ ರಾಜ್ಯದ ಶಾಸಕರು ಮೂರು ವರ್ಷ ಮೊದಲೇ, 1995ರಲ್ಲಿ, ಮಾಡಿದ್ದರು. ಆದರೆ ಅದನ್ನು ಆಸ್ಪತ್ರೆಯ ಬಾಕಿ ವಸೂಲಿಯ ನಿಯಮಗಳ ಜತೆ ಒಂದೇ ಮಸೂದೆಯಲ್ಲಿ ಕಟ್ಟಿ ಅಂಗೀಕರಿಸಿದ್ದರು. ಆ ಗಂಟಿನ ದೆಸೆಯಿಂದ ಇಡೀ ಕಾಯಿದೆಯೇ ಬಿದ್ದುಹೋಯಿತು.

ಹೀಗೆ ಸಂಬಂಧವಿಲ್ಲದ ಹಲವು ವಿಷಯಗಳನ್ನು ಒಂದೇ ಮಸೂದೆಯಲ್ಲಿ ತುಂಬುವುದಕ್ಕೆ 'ಆಮ್ನಿಬಸ್' ಶಾಸನವೆಂದು ಹೆಸರು. ಸಿವಿಲ್ ದಾವೆಗಳ ನಿಯಮ, ಕ್ರಿಮಿನಲ್ ಹೊಣೆಗಾರಿಕೆ, ತೆರಿಗೆ, ಪರವಾನಗಿ ಎಲ್ಲವೂ ಇಲ್ಲಿ ಸಹಪ್ರಯಾಣಿಕರು. ಇದೇನೂ ಇಂದಿನ ಚಾಳಿಯಲ್ಲ. ಎರಡು ಸಾವಿರ ವರ್ಷಗಳಿಂದ ಶಾಸನಸಭೆಗಳು ಇದನ್ನು ಮಾಡುತ್ತ ಬಂದಿವೆ. ಅಷ್ಟೇ ಕಾಲದಿಂದ ಇದನ್ನು ತಡೆಯುವ ಪ್ರಯತ್ನವೂ ನಡೆದಿದೆ.

ರೋಮಿನ ಹಣ್ಣಿನ ತಟ್ಟೆ

ಪ್ರಾಚೀನ ರೋಮನ್ನರು ಇಂಥ ಕಾನೂನನ್ನು 'ಸತುರಾ' ಎಂಬ ಪದದಿಂದ ಗುರುತಿಸುತ್ತಿದ್ದರು. ಬಗೆಬಗೆಯ ಹಣ್ಣುಗಳನ್ನು ತುಂಬಿ ದೇವರಿಗೆ ಅರ್ಪಿಸುವ ತಟ್ಟೆಗೆ ಆ ಹೆಸರಿತ್ತೆಂದು ಅಲ್ಲಿನ ಹಳೆಯ ವೈಯಾಕರಣರು ಹೇಳುತ್ತಾರೆ. ವಿಡಂಬನೆಗೆ ಇಂಗ್ಲಿಷಿನಲ್ಲಿರುವ 'ಸಟೈರ್' ಎಂಬ ಪದವೂ ಇದೇ ಮೂಲದ್ದು. ನಮ್ಮ ಹೋಟೆಲುಗಳ ಚೌಚೌಬಾತಿನಲ್ಲಿ ಸಿಹಿಯೂ ಖಾರವೂ ಒಂದೇ ತಟ್ಟೆಯಲ್ಲಿ ಬರುವುದಿಲ್ಲವೇ, ಹಾಗೆ. ಆದರೆ ಹೋಟೆಲಿನಲ್ಲಿ ಕೇಸರಿಬಾತು ಬೇಡವೆಂದರೆ ಖಾರಾಬಾತನ್ನಷ್ಟೇ ಕೇಳಬಹುದು. ರೋಮಿನ ಮತದಾರನಿಗೆ ಆ ಅವಕಾಶ ಇರಲಿಲ್ಲ. ಜನಸಭೆಯಲ್ಲಿ ಅವನು ಇಡೀ ಮಸೂದೆಗೆ ಹೌದು ಎನ್ನಬೇಕು, ಇಲ್ಲವೇ ಇಡೀ ಮಸೂದೆಗೆ ಅಲ್ಲ ಎನ್ನಬೇಕು.

ಕ್ರಿ.ಪೂ. 98ರಲ್ಲಿ ಕಾನ್ಸಲರಾಗಿದ್ದ ಕ್ವಿಂಟಸ್ ಸಿಸಿಲಿಯಸ್ ಮೆಟೆಲಸ್ ನೆಪೋಸ್ ಮತ್ತು ಟೈಟಸ್ ಡಿಡಿಯಸ್ ಸೇರಿ ಇದಕ್ಕೊಂದು ಕಟ್ಟು ಹಾಕಿದರು. ಅವರಿಬ್ಬರ ಹೆಸರಿನಲ್ಲೇ ಪ್ರಸಿದ್ಧವಾದ ಆ ಕಾನೂನಿನಲ್ಲಿ ಎರಡು ಮುಖ್ಯ ಅಂಶಗಳಿದ್ದವು. ಒಂದು, ಸಂಬಂಧವಿಲ್ಲದ ವಿಷಯಗಳನ್ನು ಒಂದೇ ಮಸೂದೆಯಲ್ಲಿ ಬೆರೆಸಕೂಡದು. ಎರಡು, ಮಸೂದೆಯನ್ನು ಪ್ರಕಟಿಸಿದ ಮೇಲೆ ಮತಕ್ಕೆ ಹಾಕುವ ಮುನ್ನ ಮೂರು ಸಂತೆಗಳ ಲೆಕ್ಕದ ಕಾಲಾವಧಿ ಕಳೆಯಬೇಕು. ಸಂತೆಗೆ ಬಂದ ಹಳ್ಳಿಗನೂ ಮಸೂದೆಯ ಸುದ್ದಿ ಕೇಳಿಕೊಂಡು ಹೋಗಲಿ ಎಂಬುದು ಇದರ ಹಿಂದಿನ ಆಲೋಚನೆ. ಸುಮಾರು ನಲವತ್ತು ವರ್ಷಗಳ ಬಳಿಕ ಸಿಸಿರೊ ತನ್ನ ಭಾಷಣವೊಂದರಲ್ಲಿ ಈ ಕಾನೂನಿನ ತಿರುಳನ್ನು ವಿವರಿಸಿದ. ಬೇಕಾದದ್ದಕ್ಕಾಗಿ ಬೇಡವಾದದ್ದನ್ನು ಒಪ್ಪಿಕೊಳ್ಳುವ, ಬೇಡವಾದದ್ದರ ದೆಸೆಯಿಂದ ಬೇಕಾದದ್ದನ್ನೂ ಕಳೆದುಕೊಳ್ಳುವ ಇಕ್ಕಟ್ಟು ಜನರಿಗೆ ಬರಬಾರದು ಎಂಬುದು ಅವನ ಮಾತಿನ ಸಾರ. ಈ ವಿಷಯದಲ್ಲಿ ಅಲ್ಲಿಂದೀಚೆಗೆ ಬಂದ ತೀರ್ಪುಗಳೆಲ್ಲ ಹೆಚ್ಚುಕಡಿಮೆ ಇದನ್ನೇ ಬೇರೆ ಮಾತುಗಳಲ್ಲಿ ಹೇಳಿವೆ.

ಆದರೆ ರೋಮಿನ ಇತಿಹಾಸ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಕ್ರಿ.ಪೂ. 91ರಲ್ಲಿ ಜನಪ್ರತಿನಿಧಿಯಾಗಿದ್ದ ಮಾರ್ಕಸ್ ಲಿವಿಯಸ್ ಡ್ರೂಸಸ್ ಭೂಮಿ ಹಂಚಿಕೆ, ನ್ಯಾಯಪೀಠಗಳ ರಚನೆ ಮೊದಲಾದ ಸುಧಾರಣೆಗಳನ್ನು ತಂದ. ಅವು ಇಷ್ಟವಾಗದ ಸೆನೆಟ್, ಏಳು ವರ್ಷ ಹಿಂದಿನ ಈ ಕಾನೂನನ್ನೂ ಶಕುನದ ದೋಷವನ್ನೂ ಮುಂದಿಟ್ಟು ಎಲ್ಲವನ್ನೂ ರದ್ದುಮಾಡಿತು. ಡ್ರೂಸಸನ ಕೊಲೆಯಾಯಿತು. ಪೌರತ್ವದ ಆಸೆ ಹೊತ್ತಿದ್ದ ಇಟಲಿಯ ಜನ ದಂಗೆಯೆದ್ದರು. ಜನರ ರಕ್ಷಣೆಗೆಂದು ಹುಟ್ಟಿದ ನಿಯಮ ಹಟ ಸಾಧಿಸುವವರ ಕೈಯಲ್ಲಿ ಆಯುಧವೂ ಆಗಬಹುದೆಂಬುದಕ್ಕೆ ಇದು ಮೊದಲ ಸಾಕ್ಷಿ.

ಶೀರ್ಷಿಕೆಯಲ್ಲಿ ಸೈನಿಕರು, ಒಳಗೆ ಜಮೀನು

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪೂರ್ವ ಕರಾವಳಿ ಬ್ರಿಟಿಷರ ವಸಾಹತಾಗಿತ್ತು. 1702ರಲ್ಲಿ ರಾಣಿ ಆನ್, ನ್ಯೂಜೆರ್ಸಿಯ ಗವರ್ನರನಾಗಿ ಹೊರಟ ಲಾರ್ಡ್ ಕಾರ್ನ್‌ಬರಿಗೆ ಕೊಟ್ಟ ಆದೇಶಗಳಲ್ಲಿ ಒಂದು ರೋಮಿನ ಈ ನಿಯಮವನ್ನೇ ನೆನಪಿಸುತ್ತದೆ. ಬೇರೆಬೇರೆ ವಿಷಯಕ್ಕೆ ಬೇರೆಬೇರೆ ಕಾನೂನು ಮಾಡಬೇಕು, ತಮ್ಮತಮ್ಮಲ್ಲಿ ಸಂಬಂಧವಿಲ್ಲದವನ್ನು ಒಂದೇ ಕಾಯಿದೆಯಲ್ಲಿ ಸೇರಿಸಕೂಡದು ಎಂದು ಅದರ ಆಶಯ. ವಸಾಹತಿನ ಸಭೆಗಳು ಗವರ್ನರನಿಗೆ ಅಗತ್ಯವಾದ ಮಸೂದೆಗೆ ತಮಗೆ ಬೇಕಾದ ಇನ್ನೊಂದನ್ನು ಅಂಟಿಸಿ ಕಳಿಸಿದರೆ ಅವನು ಸಹಿ ಹಾಕದೆ ವಿಧಿಯಿರಲಿಲ್ಲ. ರಾಣಿಯ ಚಿಂತೆ ಪ್ರಜೆಗಳ ಹಿತದ್ದಲ್ಲ, ತನ್ನ ಅಧಿಕಾರದ್ದು. ಆದರೂ ನಿಯಮ ಅದೇ.

ಸ್ವಾತಂತ್ರ್ಯ ಬಂದ ಮೇಲೆ ಅಮೆರಿಕನ್ನರಿಗೆ ಇದರ ಬಿಸಿ ಮುಟ್ಟಿದ್ದು ಜಾರ್ಜಿಯಾ ರಾಜ್ಯದಲ್ಲಿ. 1795ರ ಜನವರಿಯಲ್ಲಿ ಅಲ್ಲಿನ ಗವರ್ನರ್ ಜಾರ್ಜ್ ಮ್ಯಾಥ್ಯೂಸ್ ಒಂದು ಕಾಯಿದೆಗೆ ಸಹಿ ಹಾಕಿದ. ರಾಜ್ಯದ ಸೈನಿಕರಿಗೆ ಸಲ್ಲಬೇಕಾದ ಬಾಕಿಯ ಸಲುವಾಗಿ ಜಮೀನು ತೆಗೆದಿಡುವ ಹಿಂದಿನ ಕಾಯಿದೆಗೆ ಇದು ಪೂರಕ ಎಂಬ ಅರ್ಥದ ಉದ್ದನೆಯ ಶೀರ್ಷಿಕೆ ಅದಕ್ಕಿತ್ತು. ಒಳಗೆ ನಡೆದದ್ದೇ ಬೇರೆ. ಈಗಿನ ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳ ಬಹುಭಾಗವೆನ್ನಬಹುದಾದ, ಸುಮಾರು 3 ಕೋಟಿ 50 ಲಕ್ಷ ಎಕರೆ ನೆಲವನ್ನು ನಾಲ್ಕು ಕಂಪನಿಗಳಿಗೆ ಕೇವಲ 5 ಲಕ್ಷ ಡಾಲರಿಗೆ ಮಾರಲಾಗಿತ್ತು. ಮೂಲನಿವಾಸಿಗಳು ಬಾಳುತ್ತಿದ್ದ ನೆಲವದು. ಅವರನ್ನು ಕೇಳಿದವರೇ ಇಲ್ಲ. ಮತ ಹಾಕಿದ ಶಾಸಕರಲ್ಲಿ ಬಹುಮಂದಿಗೆ ಕಂಪನಿಗಳ ಪಾಲು ಸಂದಿತ್ತು.

ಸುದ್ದಿ ಹೊರಬಿದ್ದೊಡನೆ ಜನ ರೊಚ್ಚಿಗೆದ್ದರು. ಹೊಸದಾಗಿ ಆಯ್ಕೆಯಾದ ಶಾಸನಸಭೆ 1796ರಲ್ಲಿ ಆ ಕಾಯಿದೆಯನ್ನು ರದ್ದುಮಾಡಿ, ಅದರ ಕಾಗದಪತ್ರಗಳನ್ನು ಬಹಿರಂಗವಾಗಿ ಸುಟ್ಟಿತು. ಭೂತಗನ್ನಡಿ ಹಿಡಿದು ಸೂರ್ಯನಿಂದಲೇ ಬೆಂಕಿ ತರಿಸಿದರೆಂಬ ದಂತಕಥೆಯೂ ಇದೆ. ಇಷ್ಟಾದರೂ, ರದ್ದುಮಾಡಿದ್ದೇ ತಪ್ಪೆಂದು, ಕೊಂಡವರ ಹಕ್ಕು ಊರ್ಜಿತವೆಂದು 1810ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ನೀಡಿತು. ಮೋಸದಿಂದ ಹುಟ್ಟಿದ ಕಾನೂನನ್ನು ಆಮೇಲೆ ಸುಟ್ಟರೆ ಸಾಲದು, ಹುಟ್ಟುವಾಗಲೇ ತಡೆಯಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. ಜಾರ್ಜಿಯಾ ಅಷ್ಟರೊಳಗೆ ಆ ಕೆಲಸ ಮಾಡಿತ್ತು. ಶೀರ್ಷಿಕೆಯಲ್ಲಿ ಹೇಳದ ಯಾವ ವಿಷಯವೂ ಕಾನೂನಿನ ಒಳಗಿರಕೂಡದೆಂದು ತನ್ನ 1798ರ ಸಂವಿಧಾನದಲ್ಲೇ ಬರೆದುಕೊಂಡಿತ್ತು. ಬಸ್ಸಿನ ಬೋರ್ಡಿನಲ್ಲಿ ಬರೆದ ಊರಿಗೇ ಬಸ್ಸು ಹೋಗಬೇಕು ಎಂದಂತೆ.

ಬಸ್ಸು ಬಂದದ್ದು ಎಲ್ಲಿಂದ?

ಬಸ್ಸಿನ ಮಾತು ಸುಮ್ಮನೆ ಬಂದದ್ದಲ್ಲ. 'ಆಮ್ನಿಬಸ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಎಲ್ಲರಿಗಾಗಿ'. ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ 1826ರಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬಾತ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿ ಓಡಿಸತೊಡಗಿದ. ಅದಕ್ಕೆ ಈ ಹೆಸರು ಅಂಟಿಕೊಂಡಿತು. 1828ರಲ್ಲಿ ಪ್ಯಾರಿಸ್ಸಿಗೂ 1829ರಲ್ಲಿ ಲಂಡನ್ನಿಗೂ ಗಾಡಿಯೂ ಹೆಸರೂ ಹೋದವು. ನಾವು ದಿನವೂ ಹತ್ತಿ ಇಳಿಯುವ 'ಬಸ್ಸು' ಆ ಲ್ಯಾಟಿನ್ ಪದದ ಬಾಲ ಮಾತ್ರ.

ಗಾಡಿಯ ಹೆಸರು ಮಸೂದೆಗೆ ಬಂದದ್ದು ಪ್ರಸಿದ್ಧವಾದದ್ದು 1850ರಲ್ಲಿ. ಗುಲಾಮಗಿರಿಯ ಪ್ರಶ್ನೆಯಿಂದ ಅಮೆರಿಕ ಒಡೆಯುವ ಸ್ಥಿತಿಯಲ್ಲಿತ್ತು. ಕ್ಯಾಲಿಫೋರ್ನಿಯಾಕ್ಕೆ ರಾಜ್ಯದ ಸ್ಥಾನ, ಹೊಸ ಪ್ರಾಂತಗಳ ಆಡಳಿತ, ಟೆಕ್ಸಾಸಿನ ಗಡಿ, ಇವನ್ನೆಲ್ಲ ಒಂದೇ ಮಸೂದೆಯಲ್ಲಿ ಕೂರಿಸಿದರೆ ಎಲ್ಲ ಬಣದವರೂ ತಮಗೆ ಬೇಕಾದ ಒಂದಕ್ಕಾಗಿ ಮತ ಹಾಕಿಯಾರು ಎಂದು ಸೆನೆಟರ್ ಹೆನ್ರಿ ಕ್ಲೇ ಲೆಕ್ಕ ಹಾಕಿದ. ಆದದ್ದು ಉಲ್ಟಾ. ಪ್ರತಿ ಬಣದವರೂ ತಮಗೆ ಬೇಡವಾದ ಒಂದನ್ನು ಕಂಡು ವಿರೋಧಿಸಿದರು. ಜುಲೈ ಕೊನೆಗೆ ಗಾಡಿ ಮಗುಚಿತು. ಆಮೇಲೆ ಸ್ಟೀಫನ್ ಡಗ್ಲಸ್ ಅದನ್ನೇ ಬಿಡಿಬಿಡಿ ಮಾಡಿ, ಒಂದೊಂದಕ್ಕೂ ಬೇರೆಬೇರೆ ಬಹುಮತ ಕೂಡಿಸಿ ಸೆಪ್ಟೆಂಬರಿನಲ್ಲಿ ಪಾಸು ಮಾಡಿಸಿದ.

ಕ್ಲೇಯ ಲೆಕ್ಕ ತಪ್ಪಿದರೂ ಆ ಉಪಾಯ ರಾಜ್ಯಗಳ ಶಾಸನಸಭೆಗಳಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ 'ಮರದ ದಿಮ್ಮಿ ಉರುಳಿಸುವುದು' ಎಂಬ ಮಾತಿದೆ. ಕಾಡು ಕಡಿದು ಹೊಲ ಮಾಡುತ್ತಿದ್ದ ಕಾಲದಲ್ಲಿ, ನಿನ್ನ ದಿಮ್ಮಿ ಉರುಳಿಸಲು ನಾನು ಬರುತ್ತೇನೆ, ನನ್ನದಕ್ಕೆ ನೀನು ಬಾ ಎಂದು ನೆರೆಹೊರೆಯವರು ಹೊಂದಿಕೊಳ್ಳುತ್ತಿದ್ದರು. ನಮ್ಮ ಮಲೆನಾಡಿನ ಮುಯ್ಯಾಳಿನ ಪದ್ಧತಿಯೇ ಸರಿ. ಗದ್ದೆಯಲ್ಲಿ ಮುಯ್ಯಿ ಒಳ್ಳೆಯ ನೆರೆತನ. ಶಾಸನಸಭೆಯಲ್ಲಿ ಹಾಗಲ್ಲ. ಒಂಟಿಯಾಗಿ ಬಹುಮತ ಸಿಗದ ಐದು ಸಂಗತಿಗಳು ಒಟ್ಟುಗೂಡಿ ಕಾನೂನಾಗಿಬಿಡುತ್ತವೆ.

ನ್ಯೂಜೆರ್ಸಿ 1844ರಲ್ಲಿ, ಒಹಾಯೊ 1851ರಲ್ಲಿ ತಮ್ಮ ಸಂವಿಧಾನಗಳಲ್ಲಿ 'ಒಂದು ಮಸೂದೆಗೆ ಒಂದೇ ವಿಷಯ' ಎಂಬ ನಿಯಮ ಬರೆದುಕೊಂಡವು. ಇಂದು ಅಮೆರಿಕದ 50 ರಾಜ್ಯಗಳ ಪೈಕಿ 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಈ ನಿಯಮವಿದೆ. ವಿಚಿತ್ರವೆಂದರೆ ಅವರ ಕೇಂದ್ರ ಸಂವಿಧಾನದಲ್ಲಿ ಇದು ಇಲ್ಲ.

ಮಲಗಿದ್ದ ನಿಯಮ ಎದ್ದಾಗ

ನಿಯಮ ಬರೆದದ್ದೇನೋ ಆಯಿತು, ನಡೆಸುವವರು ಯಾರು? ಒಹಾಯೊದ ನ್ಯಾಯಾಲಯಗಳು ನೂರು ವರ್ಷಕ್ಕೂ ಮಿಕ್ಕಿ ಇದನ್ನು ಶಾಸಕರಿಗೆ ಹೇಳಿದ ಬುದ್ಧಿಮಾತೆಂದು ಬಗೆದವೇ ಹೊರತು ಮೀರಬಾರದ ಕಟ್ಟಳೆಯೆಂದಲ್ಲ. ಶಾಸನಸಭೆ ತನ್ನ ಮನೆಯ ವ್ಯವಹಾರವನ್ನು ತಾನೇ ನೋಡಿಕೊಳ್ಳಲಿ ಎಂಬ ಮರ್ಯಾದೆಯೂ ಅದರಲ್ಲಿತ್ತು. ಇತರ ಹಲವು ರಾಜ್ಯಗಳ ನ್ಯಾಯಾಲಯಗಳೂ ಈ ನಿಯಮವನ್ನು ಸಡಿಲವಾಗಿಯೇ ಓದುತ್ತಿದ್ದವು. 1990ರ ದಶಕದಲ್ಲಿ ಮಸೂದೆಗಳು ಊದಿಕೊಳ್ಳುತ್ತ ಹೋದಾಗ ಈ ಮರ್ಯಾದೆ ಕೊನೆಗೊಂಡಿತು.

ಇಲಿನಾಯ್ ರಾಜ್ಯದಲ್ಲಿ 1995ರಲ್ಲಿ ಎಂಟು ಪುಟಗಳ ಒಂದು ಪುಟ್ಟ ಮಸೂದೆ ಮಂಡನೆಯಾಯಿತು. ಕೈದಿಗಳು ತಮ್ಮ ಸೆರೆವಾಸದ ಖರ್ಚನ್ನು ಸರಕಾರಕ್ಕೆ ಭರಿಸಿಕೊಡುವ ವಿಚಾರ ಅದರಲ್ಲಿತ್ತು. ಎರಡೂ ಸದನಗಳ ನಡುವೆ ಓಡಾಡಿ ಹೊರಬಂದಾಗ ಅದು 200 ಪುಟ ಮೀರಿತ್ತು. ಮಕ್ಕಳ ಮೇಲೆ ಲೈಂಗಿಕ ಅಪರಾಧ ಎಸಗಿದವರ ಬಗ್ಗೆ ನೆರೆಹೊರೆಗೆ ತಿಳಿಸುವ ನಿಯಮ, ಇಂಧನದ ಮೇಲೆ ಪರಿಸರ ಶುಲ್ಕ, ನೌಕರರ ದೂರವಾಣಿ ಮಾತುಗಳನ್ನು ಮಾಲೀಕರು ಕದ್ದು ಕೇಳಲು ವಿನಾಯಿತಿ ಎಲ್ಲವೂ ಒಳಗೆ ಸೇರಿದ್ದವು. ಹೊರಗಿನ ಹೆಸರು ಮಾತ್ರ 'ಸಾರ್ವಜನಿಕ ಸುರಕ್ಷತೆ'. ಮಕ್ಕಳ ರಕ್ಷಣೆಯ ನಿಯಮಕ್ಕೆ ವಿರೋಧವಾಗಿ ಮತ ಹಾಕಿದನೆಂಬ ಅಪವಾದ ಹೊತ್ತು ಮುಂದಿನ ಚುನಾವಣೆಗೆ ಹೋಗುವ ಶಾಸಕ ಯಾವನಿದ್ದಾನೆ? ಕದ್ದು ಕೇಳುವ ವಿನಾಯಿತಿ ಅದರ ಬೆನ್ನೇರಿ ದಾಟಿಕೊಂಡಿತು. 1997ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇಡೀ ಕಾಯಿದೆಯನ್ನು ಅಸಿಂಧುವೆಂದಿತು.

ಆರಂಭದಲ್ಲಿ ಹೇಳಿದ ಪ್ರಕರಣ ಇದರ ಬೆನ್ನಿಗೇ ಬಂತು. 1995ರ ಆಗಸ್ಟ್ 20ರಿಂದ ಜಾರಿಗೆ ಬಂದ ಆ ಕಾಯಿದೆಯ ಹೃದಯವೆಂದರೆ ಶಿಕ್ಷೆಯ ವಿಚಾರ. ಅಲ್ಲಿಯವರೆಗೆ ಜೈಲಿನಲ್ಲಿ ಸನ್ನಡತೆಯಿಂದ ಕಳೆದ ಒಂದೊಂದು ದಿನಕ್ಕೂ ಒಂದೊಂದು ದಿನದ ರಿಯಾಯಿತಿ ಸಿಗುತ್ತಿತ್ತು. ಎಂದರೆ ಶಿಕ್ಷೆ ಅರ್ಧಕ್ಕಿಳಿಯುತ್ತಿತ್ತು. ನ್ಯಾಯಾಧೀಶರು 40 ವರ್ಷ ಎಂದದ್ದನ್ನು ಕೇಳಿ ಸಮಾಧಾನಪಟ್ಟ ಸಂತ್ರಸ್ತ ಕುಟುಂಬಕ್ಕೆ 20 ವರ್ಷಕ್ಕೆ ಬಿಡುಗಡೆಯೆಂದು ತಿಳಿದಾಗ ಮೋಸಹೋದ ಭಾವನೆ ಬರುವುದು ಸಹಜ. ಹೊಸ ಕಾಯಿದೆಯಂತೆ ಕೊಲೆಗಾರ ಶೇಕಡಾ 100ರಷ್ಟು, ಇತರ ಕೆಲವು ಘೋರ ಅಪರಾಧ ಎಸಗಿದವರು ಕನಿಷ್ಠ ಶೇಕಡಾ 85ರಷ್ಟು ಶಿಕ್ಷೆ ಅನುಭವಿಸಬೇಕಿತ್ತು. ವಿಷಯ ಇಷ್ಟೇ ಆಗಿದ್ದರೆ ತಂಟೆಯಿರಲಿಲ್ಲ. ಅದೇ ಕಾಯಿದೆಯಲ್ಲಿ ಬುದ್ಧಿಭ್ರಮಣೆಯ ಪ್ರತಿವಾದದ ನಿಯಮ ಬದಲಾಯಿತು, ಮಾದಕವಸ್ತು ಪ್ರಕರಣಗಳ ಆಸ್ತಿ ಜಪ್ತಿಯ ಗಡುವು ಬದಲಾಯಿತು. ಕೊನೆಗೆ, ಅಪಘಾತದಲ್ಲಿ ಗಾಯಗೊಂಡವನು ಸಿವಿಲ್ ದಾವೆ ಹೂಡಿ ಪಡೆಯುವ ಪರಿಹಾರದಲ್ಲಿ ತನ್ನ ಬಿಲ್ಲಿನ ಬಾಕಿ ಹಿಡಿದುಕೊಳ್ಳಲು ಆಸ್ಪತ್ರೆಗಿರುವ ಹಕ್ಕಿನ ನಿಯಮವೂ ಬದಲಾಯಿತು.

ಕೊಲೆಯ ಶಿಕ್ಷೆಗೂ ಆಸ್ಪತ್ರೆಯ ಬಾಕಿಗೂ ಏನು ಸಂಬಂಧ? ಎರಡೂ 'ಸರಕಾರಿ ವಿಷಯಗಳು' ಎಂದು ಸರಕಾರ ವಾದಿಸಿತು. ಶೀರ್ಷಿಕೆಯಲ್ಲಿ ಬರೆದದ್ದೂ ಅದನ್ನೇ. ಅಷ್ಟು ಅಗಲದ ಹೆಸರಿಟ್ಟರೆ ಜಗತ್ತಿನ ಯಾವ ವಿಷಯ ತಾನೇ ಅದರೊಳಗೆ ಹಿಡಿಸದು? 1998ರಲ್ಲಿ ಮೇಲ್ಮನವಿ ನ್ಯಾಯಾಲಯವೂ 1999ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ವಾದವನ್ನು ತಳ್ಳಿಹಾಕಿದವು. ಮೇಲ್ಮನವಿಯ ತೀರ್ಪಿನಿಂದ ಎಚ್ಚೆತ್ತ ಶಾಸಕರು ಶಿಕ್ಷೆಯ ನಿಯಮವನ್ನು ಹೊಸದಾಗಿ ಅಂಗೀಕರಿಸಿದರು. ಅದು ಜಾರಿಗೆ ಬಂದದ್ದು 1998ರ ಜೂನ್ 19ರಂದು. ಅದಕ್ಕೆ ಹಿಂದಿನ ಸುಮಾರು ಮೂರು ವರ್ಷಗಳಲ್ಲಿ ನಡೆದ ಕೊಲೆಗಳಿಗೆಲ್ಲ ಹಳೆಯ ಅರ್ಧ ಲೆಕ್ಕವೇ ಗತಿಯಾಯಿತು. ಅಪರಾಧ ನಡೆದಾಗ ಇಲ್ಲದ ಕಠಿಣ ಕಾನೂನನ್ನು ಹಿಂದಕ್ಕೆ ಹೋಗಿ ಅನ್ವಯಿಸುವಂತಿಲ್ಲವಷ್ಟೆ.

1999ರ ಡಿಸೆಂಬರಿನಲ್ಲಿ ಇನ್ನೊಂದು ಬಿತ್ತು. 1995ರ ಜನವರಿಯಿಂದ ಜಾರಿಯಲ್ಲಿದ್ದ 'ಸುರಕ್ಷಿತ ನೆರೆಹೊರೆ' ಕಾಯಿದೆ ಅಕ್ರಮ ಬಂದೂಕು ಸಾಗಣೆಯನ್ನು ಪ್ರತ್ಯೇಕ ಅಪರಾಧವನ್ನಾಗಿ ಮಾಡಿತ್ತು. ಜತೆಗೆ, ಬಡ ತಾಯಂದಿರ ಮತ್ತು ಶಿಶುಗಳ ಪೌಷ್ಟಿಕ ಆಹಾರ ಯೋಜನೆಗೆ ಸಾಮಾನು ಒದಗಿಸುವ ಅಂಗಡಿಗಳ ನಿಯಂತ್ರಣವೂ, ಬಾಲಕರ ವಸತಿ ಕೇಂದ್ರಗಳ ಪರವಾನಗಿಯೂ ಅದರಲ್ಲಿ ಕೂತಿದ್ದವು. ಬಂದೂಕು ಸಾಗಣೆಯ ಆರೋಪಿಯೊಬ್ಬ ಇದನ್ನು ಎತ್ತಿ ತೋರಿಸಿದ. ನ್ಯಾಯಾಲಯ ಒಪ್ಪಿತು. ಐದು ವರ್ಷ ನಡೆದ ಕಾಯಿದೆ ಮೊದಲಿನಿಂದಲೂ ಇರಲೇ ಇಲ್ಲವೆಂಬಂತಾಯಿತು.

ಸೀಟ್ ಬೆಲ್ಟೂ ಸ್ಕೇಟಿಂಗೂ

ಇಲಿನಾಯ್‌ನಲ್ಲಿ ಕ್ರಿಮಿನಲ್ ಕಾನೂನಿಗೆ ಆದದ್ದು ಅದೇ 1999ರಲ್ಲಿ ಒಹಾಯೊದಲ್ಲಿ ಸಿವಿಲ್ ಕಾನೂನಿಗೆ ಆಯಿತು. ಅಲ್ಲಿನ ಶಾಸನಸಭೆ 1996ರಲ್ಲಿ ಪರಿಹಾರ ದಾವೆಗಳ ಸುಧಾರಣೆಯ ಹೆಸರಿನಲ್ಲಿ ಭಾರಿ ಮಸೂದೆಯೊಂದನ್ನು ಅಂಗೀಕರಿಸಿತ್ತು. ಗಾಯಗೊಂಡವರಿಗೆ ನೋವು ಸಂಕಟಗಳ ಬಾಬ್ತು ಸಿಗುವ ಪರಿಹಾರಕ್ಕೆ ಮಿತಿ, ತಯಾರಾಗಿ 15 ವರ್ಷ ಕಳೆದ ಯಂತ್ರದ ದೋಷಕ್ಕೆ ಕಂಪನಿಯ ಮೇಲೆ ದಾವೆ ಹೂಡದಂತೆ ತಡೆ ಮೊದಲಾದವು ಅದರಲ್ಲಿದ್ದವು. ವಿಪರೀತ ದಾವೆಗಳಿಂದ ವಿಮೆಯ ಕಂತು ಏರುತ್ತಿದೆ, ವೈದ್ಯರೂ ಉದ್ಯಮಿಗಳೂ ಬಳಲುತ್ತಿದ್ದಾರೆ ಎಂಬುದು ಒಂದು ಕಡೆಯ ವಾದ. ಕೈಕಾಲು ಕಳೆದುಕೊಂಡವನ ನೋವಿಗೆ ಬೆಲೆ ಕಟ್ಟಿ ಮಿತಿ ಹಾಕಲು ನೀವು ಯಾರು ಎಂಬುದು ಇನ್ನೊಂದು ಕಡೆಯದು. ಎರಡರಲ್ಲೂ ಹುರುಳಿತ್ತು.

ಆದರೆ ಮಸೂದೆ ಮುಟ್ಟಿದ್ದು ರಾಜ್ಯದ ಸಂಹಿತೆಯ 18 ಭಾಗಗಳನ್ನು, 38 ಅಧ್ಯಾಯಗಳನ್ನು, 100ಕ್ಕೂ ಹೆಚ್ಚು ಕಲಮುಗಳನ್ನು. ಸೀಟ್ ಬೆಲ್ಟ್ ಧರಿಸುವುದರ ಪಕ್ಕದಲ್ಲಿ ಉದ್ಯೋಗದಲ್ಲಿನ ತಾರತಮ್ಯದ ದೂರು, ಆಸ್ಪತ್ರೆಯ ಹೊಣೆಯ ಪಕ್ಕದಲ್ಲಿ ಷೇರು ಮಾರಾಟದ ದಾವೆ, ವೈದ್ಯಕೀಯ ದಾವೆಯ ಪ್ರಮಾಣಪತ್ರದ ಪಕ್ಕದಲ್ಲಿ ಗಾಲಿಜೋಡು ಕಟ್ಟಿಕೊಂಡು ಸ್ಕೇಟಿಂಗ್ ಮಾಡುವವನು ಹೂಡುವ ದಾವೆ! ಆಟದ ಕೋಚುಗಳಿಗೂ ಅಲ್ಲೊಂದು ರಕ್ಷಣೆ ಇತ್ತು. ಆಗಸ್ಟ್ 16ರಂದು ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕಕ್ಕೆ ಮೂರರ ಬಹುಮತದಿಂದ ಅದನ್ನು ಪೂರ್ತಿಯಾಗಿ ಅಸಿಂಧುಗೊಳಿಸಿತು. ಬೇರೆ ಕಾರಣಗಳೂ ಇದ್ದವು. ಒಂದೇ ವಿಷಯದ ನಿಯಮದ ಉಲ್ಲಂಘನೆ ಅವುಗಳಲ್ಲಿ ಒಂದು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಆಲಿಸ್ ರಾಬಿ ರೆಸ್ನಿಕ್ ಮರುವರ್ಷವೇ ಚುನಾವಣೆ ಎದುರಿಸಬೇಕಾಗಿತ್ತು. ಒಹಾಯೊದಲ್ಲಿ ನ್ಯಾಯಮೂರ್ತಿಗಳನ್ನೂ ಜನರೇ ಆರಿಸುತ್ತಾರೆ. ಉದ್ಯಮಿಗಳ ಸಂಘಟನೆಗಳು ಅವರ ವಿರುದ್ಧ ಟಿ.ವಿ. ಜಾಹೀರಾತುಗಳಿಗೆ ಹಣ ಸುರಿದವು. ಆದರೂ ಅವರು ಗೆದ್ದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಶಾಸನಸಭೆ ಕೆಲವು ವರ್ಷಗಳ ಬಳಿಕ ಪರಿಹಾರದ ಮಿತಿಯನ್ನು ಮತ್ತೆ ಕಾನೂನು ಮಾಡಿತು. 2005ರಲ್ಲಿ ಜಾರಿಗೆ ಬಂದ ಆ ಮಿತಿಯನ್ನು ಅದೇ ನ್ಯಾಯಾಲಯ 2007ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಒಕ್ಲಹೋಮಾದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ದಾವೆಗಳ ಸುಧಾರಣೆಯ 90 ಕಲಮುಗಳ 2009ರ ಕಾಯಿದೆಯನ್ನು 2013ರ ಜೂನ್‌ನಲ್ಲಿ ನ್ಯಾಯಾಲಯ ರದ್ದುಮಾಡಿತು. ಸೆಪ್ಟೆಂಬರಿನಲ್ಲಿ ವಿಶೇಷ ಅಧಿವೇಶನ ಸೇರಿದ ಶಾಸಕರು ಅದನ್ನೇ 20ಕ್ಕೂ ಹೆಚ್ಚು ಬಿಡಿ ಮಸೂದೆಗಳಾಗಿ ಕೆಲವೇ ದಿನಗಳಲ್ಲಿ ಪಾಸು ಮಾಡಿದರು.

ಹಾಗಾದರೆ ಈ ನಿಯಮದಿಂದ ಆದ ಲಾಭವೇನು? ಕೊನೆಗೆ ಅದೇ ಕಾನೂನು ಬಂತಲ್ಲ ಎನ್ನಬಹುದು. ಬಂತು, ನಿಜ. ಆದರೆ ಎರಡನೆಯ ಸಲ ಬಂದಾಗ ಒಂದೊಂದಕ್ಕೂ ಬೇರೆ ಹೆಸರಿತ್ತು, ಬೇರೆ ಮತದಾನವಿತ್ತು. ಯಾವ ಶಾಸಕ ಯಾವುದಕ್ಕೆ ಕೈಯೆತ್ತಿದನೆಂದು ಜನರಿಗೆ ತಿಳಿಯಿತು. ಒಂದೇ ವಿಷಯದ ನಿಯಮ ಕಾನೂನು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದೇ ಇಲ್ಲ. ಯಾರು, ಯಾವುದಕ್ಕೆ ಒಪ್ಪಿದರು ಎಂಬುದಷ್ಟೇ ಅದರ ಪ್ರಶ್ನೆ.

ನಷ್ಟವೂ ಸಣ್ಣದಲ್ಲ. ಶಾಸಕರ ತಪ್ಪಿಗೆ ದಂಡ ತೆತ್ತವರು ಶಾಸಕರಲ್ಲ. ಇಲಿನಾಯ್‌ನ ಆ ಮೂರು ವರ್ಷಗಳಲ್ಲಿ ಮನೆಯವರನ್ನು ಕಳೆದುಕೊಂಡವರು ತೆತ್ತರು. ಯಾವ ಕಾನೂನು ನಿಂತಿದೆ, ಯಾವುದು ಬಿದ್ದಿದೆ ಎಂದು ತಿಳಿಯದೆ ವರ್ಷಗಟ್ಟಲೆ ಮೊಕದ್ದಮೆ ನಡೆಸಿದವರು ತೆತ್ತರು. ಅದಕ್ಕೇ ಕೆಲವು ನ್ಯಾಯಾಲಯಗಳು ಈಚೆಗೆ ಇಡೀ ಗಾಡಿಯನ್ನು ಉರುಳಿಸದೆ, ಸಲ್ಲದ ಪ್ರಯಾಣಿಕನನ್ನು ಮಾತ್ರ ಇಳಿಸುವ ದಾರಿ ಹಿಡಿದಿವೆ. ಮಿನೆಸೋಟದಲ್ಲಿ 2024ರ ಮೇ ತಿಂಗಳಲ್ಲಿ, ಅಧಿವೇಶನದ ಕಟ್ಟಕಡೆಯ ಗಳಿಗೆಯಲ್ಲಿ, 1,400 ಪುಟ ಮೀರಿದ ಮಸೂದೆಯೊಂದು ಪಾಸಾಯಿತು. ಬಂದೂಕಿನ ಒಂದು ಬಗೆಯ ಬಿಡಿಭಾಗವನ್ನು ನಿಷೇಧಿಸುವ ಅಂಶ ಅದರೊಳಗಿತ್ತು. 2025ರಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಲಯವೊಂದು ಆ ಅಂಶವನ್ನಷ್ಟೇ ರದ್ದುಗೊಳಿಸಿತು.

ನಮ್ಮಲ್ಲಿ?

ಭಾರತದ ಸಂವಿಧಾನದಲ್ಲಿ 'ಒಂದು ಮಸೂದೆಗೆ ಒಂದೇ ವಿಷಯ' ಎಂಬ ಸಾಮಾನ್ಯ ನಿಯಮವಿಲ್ಲ. ಹಲವು ಕಾಯಿದೆಗಳನ್ನು ಒಂದೇ ಏಟಿಗೆ ತಿದ್ದುವುದು ನಮ್ಮಲ್ಲಿ ಮೊದಲಿನಿಂದ ಬಂದ ರೂಢಿ. ಅದರಲ್ಲಿ ತಪ್ಪೇನೂ ಇಲ್ಲದಿರಬಹುದು. 2023ರ ಜನವಿಶ್ವಾಸ ಕಾಯಿದೆಯನ್ನು ನೋಡಿ. 42 ಕಾಯಿದೆಗಳ 183 ಅಂಶಗಳನ್ನು ಅದು ಒಮ್ಮೆಗೇ ತಿದ್ದಿತು. ಸಣ್ಣಪುಟ್ಟ ಲೋಪಗಳಿಗೆ ಇದ್ದ ಜೈಲು ಶಿಕ್ಷೆಯನ್ನು ತೆಗೆದು ದಂಡಕ್ಕೆ ಇಳಿಸುವುದು ಅದರ ಮುಖ್ಯ ಉದ್ದೇಶ. ಅಂಚೆಯಿಂದ ಅರಣ್ಯದವರೆಗೆ ಅದರ ವ್ಯಾಪ್ತಿ ಹರಡಿತ್ತು. ಆದರೂ ಎಲ್ಲಕ್ಕೂ ಒಂದು ಎಳೆಯಿತ್ತು. ಮಸೂದೆ ಸಂಸತ್ತಿನ ಜಂಟಿ ಸಮಿತಿಯ ಮುಂದೆಯೂ ಹೋಗಿ ಬಂತು. ಹಾಗಿದ್ದರೂ, ಪರಿಸರ ಸಂರಕ್ಷಣಾ ಕಾಯಿದೆಯ ಉಲ್ಲಂಘನೆಗಿದ್ದ ಜೈಲು ಶಿಕ್ಷೆಯನ್ನು ದಂಡವಾಗಿಸಿದ್ದು ಆ 183ರಲ್ಲಿ ಸೇರಿಹೋಯಿತೆಂಬುದು ಎಷ್ಟು ಜನರಿಗೆ ಗೊತ್ತು? ಅದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಅದೊಂದನ್ನೇ ಇಟ್ಟುಕೊಂಡು ದೇಶ ಚರ್ಚಿಸುವ ಸಂದರ್ಭ ಬರಲೇ ಇಲ್ಲ.

ಒಂದೇ ವಿಷಯದ ನಿಯಮಕ್ಕೆ ಹತ್ತಿರದ್ದು ನಮ್ಮಲ್ಲಿರುವುದು ಹಣಕಾಸು ಮಸೂದೆಯ ವಿಚಾರದಲ್ಲಿ. ತೆರಿಗೆ, ಸಾಲ, ಸರಕಾರಿ ನಿಧಿಯಂಥ ಗೊತ್ತಾದ ವಿಷಯಗಳು 'ಮಾತ್ರ' ಇದ್ದರೆ ಅದು ಧನ ಮಸೂದೆ ಎನ್ನುತ್ತದೆ ಸಂವಿಧಾನದ 110ನೇ ವಿಧಿ. ರಾಜ್ಯಗಳಿಗೆ 199ನೇ ವಿಧಿಯಲ್ಲಿ ಇದೇ ಮಾತಿದೆ. ಧನ ಮಸೂದೆಯನ್ನು ರಾಜ್ಯಸಭೆ ತಡೆಯುವಂತಿಲ್ಲ. ಹಾಗಾಗಿ 'ಮಾತ್ರ' ಎಂಬ ಆ ಒಂದು ಪದದ ಮೇಲೆ ಬಹಳಷ್ಟು ನಿಂತಿದೆ. 2017ರ ಹಣಕಾಸು ಕಾಯಿದೆಯಲ್ಲಿ ತೆರಿಗೆಯ ಜತೆಗೆ ಹಲವು ನ್ಯಾಯಮಂಡಳಿಗಳ ಪುನರ್ರಚನೆಯೂ ಚುನಾವಣಾ ಬಾಂಡಿನ ತಿದ್ದುಪಡಿಗಳೂ ಇದ್ದವು. ನ್ಯಾಯಮಂಡಳಿಗಳ ವಿಚಾರ ಬಂದಾಗ, ಧನ ಮಸೂದೆಯ ಪ್ರಶ್ನೆಯನ್ನು 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಿತು. ಚುನಾವಣಾ ಬಾಂಡನ್ನು 2024ರ ಫೆಬ್ರವರಿಯಲ್ಲಿ ಮತದಾರನ ತಿಳಿಯುವ ಹಕ್ಕಿನ ಆಧಾರದಲ್ಲಿ ರದ್ದುಮಾಡಿತು.

ಇದಕ್ಕೆ ಮೊದಲು ಆಧಾರ್ ಕಾಯಿದೆಯ ಮೊಕದ್ದಮೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಆಧಾರ್ ಯೋಜನೆಯ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2016ರಲ್ಲಿ ಬಂದ ಕಾಯಿದೆಯನ್ನು ಧನ ಮಸೂದೆಯಾಗಿ ಅಂಗೀಕರಿಸಿದ್ದನ್ನು 2018ರ ಸೆಪ್ಟೆಂಬರಿನಲ್ಲಿ ಐವರ ಪೀಠದ ಬಹುಮತ ಒಪ್ಪಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮಾತ್ರ ಅದು ಸಂವಿಧಾನಕ್ಕೆ ಬಗೆದ ವಂಚನೆಯೆಂದು ಭಿನ್ನ ತೀರ್ಪು ಬರೆದರು.

ರೋಮಿನ ಸಂತೆಯಿಂದ ಇಲ್ಲಿಯವರೆಗೆ ಪ್ರಶ್ನೆ ಒಂದೇ. ಜನರ ಹೆಸರಿನಲ್ಲಿ ಕೈಯೆತ್ತುವವನಿಗೆ ತಾನು ಯಾವುದಕ್ಕೆ ಕೈಯೆತ್ತುತ್ತಿದ್ದೇನೆಂಬುದು ತಿಳಿದಿರಬೇಕು. ಕೈಯೆತ್ತಿದ್ದು ಯಾವುದಕ್ಕೆಂದು ಜನರಿಗೂ ತಿಳಿಯಬೇಕು. ದಾವೆ ಹೂಡುವ ಹಕ್ಕನ್ನು ಮೊಟಕುಗೊಳಿಸುವ, ಮನುಷ್ಯನನ್ನು ಜೈಲಿಗೆ ಕಳಿಸುವ ಅಥವಾ ಜೈಲಿನಿಂದ ಬಿಡಿಸುವ ಕಾನೂನಿನಲ್ಲಂತೂ ಇದು ಇನ್ನೂ ಮುಖ್ಯ. ಶಾಸಕರು ಆ ಎಚ್ಚರ ತಪ್ಪಿದರೆ ಲೆಕ್ಕ ಚುಕ್ತಾ ಆಗುವುದು ಸದನದಲ್ಲಲ್ಲ. ಯಾವುದೋ ಊರಿನಲ್ಲಿ, ಜೂನ್ 18ಕ್ಕೂ 19ಕ್ಕೂ ಏನು ವ್ಯತ್ಯಾಸವೆಂದು ಅರ್ಥವಾಗದೆ ಕುಳಿತ ಒಂದು ಮನೆಯಲ್ಲಿ.